‘ಮೋರ್ ಬೆಟರ್’ ಯಾವಾಗಿನಿಂದ ತಪ್ಪಾಯ್ತು?

ನಾನು ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಗ ಕ್ಯಾಂಪಸ್‌ಗೆ ಒಂದು ಕಂಪನಿ ಬಂದಿತ್ತು. ಗ್ರೂಪ್ ಡಿಸ್ಕಷನ್‌ನಲ್ಲಿ ನಮ್ಮ ಬ್ಯಾಚ್‌ನ ಹುಡುಗನೊಬ್ಬ, ‘ಇದಕ್ಕಿಂತ ಮೋರ್ ಬೆಟರ್ ಐಡಿಯಾ ಇದೆ’ ಅಂತ ಇಂಗ್ಲಿಷ್‌ನಲ್ಲಿ ಶುರು ಮಾಡಿದ. ಕನ್ನಡ ಶಾಲೆಯಲ್ಲಿ ಓದಿ ಬಂದವನು. ಪರೀಕ್ಷೆ ಹತ್ತಿರ ಬಂದ್ರೆ ನಮಗೆಲ್ಲ ಪಾಠ ಹೇಳಿಕೊಡ್ತಿದ್ದವನು. ಸುತ್ತ ಕೂತವರು ನಕ್ಕರು. ನಾನೂ ನಕ್ಕೆ. ಅವನು ಮತ್ತೆ ಬಾಯಿ ತೆರೆಯಲಿಲ್ಲ.

ಅವತ್ತು ನಾವು ನಕ್ಕ ತಪ್ಪಿಗೆ ದೊಡ್ಡ ಇತಿಹಾಸವೇ ಇದೆ. ಅದು ಗೊತ್ತಿದ್ದಿದ್ರೆ ಬಹುಶಃ ನಗ್ತಿರಲಿಲ್ಲ.

ಮೊದಲು ನಿಯಮ ನೋಡಿ. ಇಂಗ್ಲಿಷ್ ಗುಣವಾಚಕ ಚಿಕ್ಕದಾದರೆ ಕೊನೆಗೆ ‘ಅರ್’, ‘ಎಸ್ಟ್’ ಸೇರಿಸ್ತೀವಿ: ಟಾಲ್, ಟಾಲರ್, ಟಾಲೆಸ್ಟ್. ಉದ್ದವಾದರೆ ಮುಂದೆ ‘ಮೋರ್’, ‘ಮೋಸ್ಟ್’ ಹಾಕ್ತೀವಿ. ‘ಗುಡ್’ನಂಥ ಪದ ರೂಪವನ್ನೇ ಬದಲಿಸಿಕೊಂಡು ‘ಬೆಟರ್’ ಆಗುತ್ತೆ. ‘ಬೆಟರ್’ ಒಳಗೇ ‘ಹೆಚ್ಚು’ ಅನ್ನೋದು ಕೂತಿರೋದರಿಂದ ಇನ್ನೊಂದು ‘ಮೋರ್’ ಬೇಕಿಲ್ಲ.

ಆದರೆ ಷೇಕ್ಸ್‌ಪಿಯರ್ ಏನು ಮಾಡಿದ್ದ? ಸುಮಾರು 1599ರಲ್ಲಿ ಬರೆದ ‘ಜೂಲಿಯಸ್ ಸೀಸರ್’ ನಾಟಕದಲ್ಲಿ, ಬ್ರೂಟಸ್‌ನ ಇರಿತದ ಬಗ್ಗೆ ಆಂಟೊನಿ ಮಾತಾಡುವಾಗ ‘ಅನ್‌ಕೈಂಡೆಸ್ಟ್’ ಪದದ ಹಿಂದೆ ‘ಮೋಸ್ಟ್’ ಕೂಡ ಇದೆ. ಎರಡೂ ಒಟ್ಟಿಗೆ! ಆಗಿನ ಇಂಗ್ಲಿಷ್‌ನಲ್ಲಿ ಮಾತಿಗೆ ಒತ್ತು ಕೊಡೋಕೆ ಹೀಗೆ ಹೇಳೋದು ರೂಢಿಯಲ್ಲಿತ್ತು.

ಇದನ್ನ ಗಟ್ಟಿಯಾಗಿ ತಪ್ಪು ಅಂದವರಲ್ಲಿ ಮುಖ್ಯ ಹೆಸರು ರಾಬರ್ಟ್ ಲೌತ್. ಇಂಗ್ಲೆಂಡಿನ ಪಾದ್ರಿ, ಮುಂದೆ ಬಿಷಪ್ ಆದವರು. 1762ರಲ್ಲಿ ಪ್ರಕಟವಾದ ಅವರ ಚಿಕ್ಕ ವ್ಯಾಕರಣ ಪುಸ್ತಕದಲ್ಲಿ ಷೇಕ್ಸ್‌ಪಿಯರ್, ಮಿಲ್ಟನ್‌ರಂಥವರ ತಪ್ಪುಗಳನ್ನೂ ಎತ್ತಿ ತೋರಿಸಿದರು. ಹಾಗಂತ ಅವರೂ ಒಂದು ವಿನಾಯಿತಿ ಕೊಟ್ಟರು. ಯಾರಿಗೆ ಗೊತ್ತಾ? ದೇವರಿಗೆ! ಹಳೆಯ ಕೀರ್ತನೆಗಳ ಅನುವಾದದಲ್ಲಿ ದೇವರನ್ನು ‘ಮೋಸ್ಟ್ ಹೈಯೆಸ್ಟ್’ ಅಂದಿರೋದು ಆ ವಿಷಯಕ್ಕೆ ಒಪ್ಪುತ್ತೆ ಅಂತ ಬರೆದರು.

ಇನ್ನೊಂದು ಪದ ‘ಲೆಸ್ಸರ್’. ‘ಲೆಸ್’ ಅಂದ್ರೇನೇ ಇನ್ನೂ ಕಡಿಮೆ. ಅದಕ್ಕೆ ಮತ್ತೆ ‘ಅರ್’ ಯಾಕೆ? 1755ರ ತಮ್ಮ ನಿಘಂಟಿನಲ್ಲಿ ಸ್ಯಾಮುಯೆಲ್ ಜಾನ್ಸನ್ ಈ ಪದವನ್ನು ಚೆನ್ನಾಗಿ ಬೈದರು. ಪದ ಮಾತ್ರ ಸಾಯಲಿಲ್ಲ. ಇವತ್ತು ಅದನ್ನ ಯಾರೂ ತಪ್ಪು ಅನ್ನಲ್ಲ.

1787ಕ್ಕೆ ಬನ್ನಿ. ಅಮೆರಿಕದ ಸಂವಿಧಾನ ತನ್ನ ಮೊದಲ ವಾಕ್ಯದಲ್ಲೇ ‘ಮೋರ್ ಪರ್ಫೆಕ್ಟ್’ ಒಕ್ಕೂಟದ ಮಾತಾಡುತ್ತೆ. ಎಂಟೇ ವರ್ಷ, 1795ರಲ್ಲಿ ಲಿಂಡ್ಲಿ ಮರ್ರೆ ಬರೆದ ಶಾಲಾ ವ್ಯಾಕರಣ ಬಂತು. ‘ಪರ್ಫೆಕ್ಟ್’ ಅಂದ್ರೆ ಪರಿಪೂರ್ಣ, ಅದಕ್ಕೆ ‘ಮೋರ್’ ಸೇರಿಸೋದು ಸರಿಯಲ್ಲ ಅಂತ ಆ ಪುಸ್ತಕ ಹೇಳಿತು. ಸಂವಿಧಾನವನ್ನ ಯಾರೂ ತಿದ್ದಲಿಲ್ಲ.

ಭಾರತದಲ್ಲಿ ಇಂಗ್ಲಿಷ್ ಶಿಕ್ಷಣಕ್ಕೆ ಸರ್ಕಾರದ ಹಣ ಅಂತ ಬೆಂಟಿಂಕ್ ತೀರ್ಮಾನಿಸಿದ್ದು 1835ರಲ್ಲಿ. ಅಷ್ಟು ಹೊತ್ತಿಗೆ ಈ ನಿಯಮಗಳು ಇಂಗ್ಲಿಷ್ ಪಾಠಪುಸ್ತಕಗಳಲ್ಲಿ ಗಟ್ಟಿಯಾಗಿ ಕೂತಿದ್ದವು. ಇಂಗ್ಲಿಷರು ಶತಮಾನಗಟ್ಟಲೆ ಎರಡೂ ಥರ ಮಾತಾಡಿ ಆಮೇಲೆ ನಿಯಮ ಕಲಿತರು. ನಾವು ನಿಯಮದಿಂದಲೇ ಶುರು ಮಾಡಬೇಕಾಯ್ತು.

ಅದೂ ಎಂಥ ಭಾಷೆಯಿಂದ ಹೊರಟು? ಕನ್ನಡದಲ್ಲಿ ಹೋಲಿಸುವಾಗ ಗುಣವಾಚಕ ರೂಪ ಬದಲಿಸಲ್ಲ. ‘ಒಳ್ಳೇದು’, ‘ಅದಕ್ಕಿಂತ ಒಳ್ಳೇದು’, ‘ಇನ್ನೂ ಒಳ್ಳೇದು’. ಆ ‘ಇನ್ನೂ’ ನಮ್ಮ ಬಾಯಲ್ಲಿ ‘ಮೋರ್’ ಆಗುತ್ತೆ. ‘ನನಗಿಂತ ಸೀನಿಯರ್’ ಅನ್ನೋದು ‘ಸೀನಿಯರ್ ದ್ಯಾನ್ ಮಿ’ ಆಗೋದೂ ಹೀಗೇ. ಸೀನಿಯರ್, ಜೂನಿಯರ್, ಸುಪೀರಿಯರ್ ಲ್ಯಾಟಿನ್‌ನಿಂದ ಬಂದವು, ಅವಕ್ಕೆ ‘ದ್ಯಾನ್’ ಅಲ್ಲ, ‘ಟು’ ಬೇಕು. ಹೇಳಿಕೊಡದೆ ಇದು ಯಾರಿಗೆ ತಾನೇ ಹೊಳೆಯುತ್ತೆ?

ಹಾಗಾದ್ರೆ ನಿಯಮ ಬಿಡೋಣವಾ? ಖಂಡಿತ ಬೇಡ. ಅರ್ಜಿಯಲ್ಲಿ, ಇಂಟರ್‌ವ್ಯೂನಲ್ಲಿ ‘ಬೆಟರ್’ ಅಂತಷ್ಟೇ ಬರೆಯಿರಿ, ಹೇಳಿ. ಕೆಲಸ ಕೊಡುವವರು ಇವತ್ತಿನ ಇಂಗ್ಲಿಷ್ ಕೇಳ್ತಾರೆ, 1599ರದ್ದಲ್ಲ. ಆದರೆ ಎದುರಿಗಿರೋರು ತಪ್ಪಿದಾಗ ಮಾತು ಪೂರ್ತಿ ಕೇಳಿ, ಆಮೇಲೆ ಮೆಲ್ಲಗೆ ತಿದ್ದಿ.

ಅವತ್ತು ಆ ಹುಡುಗನ ಹತ್ತಿರ ಇದ್ದ ಐಡಿಯಾ ಏನು ಅಂತ ನಮಗ್ಯಾರಿಗೂ ಇವತ್ತಿಗೂ ಗೊತ್ತಿಲ್ಲ.