ಚೊಚ್ಚಲ ಕಡಸು ಕರು ಹಾಕುವ ಸೂಚನೆ ತಿಳಿಯುವುದು ಹೇಗೆ? ಡಾಕ್ಟರನ್ನು ಯಾವಾಗ ಕರೆಯಬೇಕು?

"ಕೆಚ್ಚಲು ಬಿಟ್ಟು ಹದಿನೈದು ದಿನ ಆಯ್ತು ಮಾರಾಯ್ರೇ, ಇನ್ನೂ ಕರು ಹಾಕಿಲ್ಲ. ಏನಾದ್ರೂ ತೊಂದರೆ ಉಂಟಾ?" ಹಾಲಿನ ಸೊಸೈಟಿ ಎದುರು ಕ್ಯಾನ್ ಹಿಡಿದು ನಿಂತವರ ಬಾಯಲ್ಲಿ ಆಗಾಗ ಕೇಳುವ ಮಾತು ಇದು. ನಾಲ್ಕೈದು ಕರು ಹಾಕಿದ ದನದ ಲಕ್ಷಣ ಮನೆಯವರಿಗೆ ಗೊತ್ತಿರುತ್ತದೆ. ಚೊಚ್ಚಲ ಕಡಸು ಹಾಗಲ್ಲ. ಅದಕ್ಕೂ ಹೊಸತು, ನಮಗೂ ಅದರ ರೀತಿ ಹೊಸತು.

ಎರಡೂವರೆ ಮೂರು ವರ್ಷ ಸಾಕಿದ ಕಡಸು ಒಂದು ರಾತ್ರಿಯ ಎಡವಟ್ಟಿನಿಂದ ಕೈತಪ್ಪಿದರೆ ಕರುವೂ ಇಲ್ಲ, ಹಾಲೂ ಇಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಒಂದೆರಡು ದನದ ಹಾಲಿನಲ್ಲೇ ತಿಂಗಳ ಅಂಗಡಿ ಲೆಕ್ಕ ತೀರಿಸುವ ಮನೆಗಳು ಎಷ್ಟೋ ಇವೆ. ಹಾಗಾಗಿ ಯಾವ ಸೂಚನೆಯನ್ನು ನಂಬಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ಮೊದಲೇ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲು ತಾರೀಕು ನೋಡಿ

ಇಂಜೆಕ್ಷನ್ ಕೊಡಿಸಿದ ದಿನವನ್ನು ಹಟ್ಟಿಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಜೆರ್ಸಿ, ಎಚ್‌ಎಫ್ ಮಿಶ್ರತಳಿ ದನಗಳಿಗೆ ಗಬ್ಬದ ಅವಧಿ ಸುಮಾರು 280 ದಿನ. ಮಾರ್ಚ್ 10ಕ್ಕೆ ಇಂಜೆಕ್ಷನ್ ಆಗಿದ್ದರೆ ಡಿಸೆಂಬರ್ 15ರ ಆಸುಪಾಸು. ಹತ್ತು ದಿನ ಆಚೀಚೆ ಆದರೆ ಹೆದರಬೇಕಿಲ್ಲ. ಊರ ದನಗಳು ಕೆಲವು ದಿನ ಹೆಚ್ಚು ತೆಗೆದುಕೊಳ್ಳುವುದುಂಟು. ಎಮ್ಮೆಗಾದರೆ ಹತ್ತು ತಿಂಗಳು ದಾಟುತ್ತದೆ.

ಇನ್ನೊಂದು ವಿಷಯ. ಮಲೆನಾಡು ಗಿಡ್ಡದಂಥ ಸಣ್ಣ ಮೈಕಟ್ಟಿನ ಕಡಸಿಗೆ ಎಚ್‌ಎಫ್ ಅಥವಾ ಜೆರ್ಸಿ ಇಂಜೆಕ್ಷನ್ ಆಗಿದ್ದರೆ ಕರು ದೊಡ್ಡದಾಗಿ ದಾರಿಯಲ್ಲೇ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಹೆಚ್ಚು. ಅಂಥ ಕಡಸಿನ ವಿಷಯವನ್ನು ಪಶುವೈದ್ಯರಿಗೆ ಮುಂಚಿತವಾಗಿ ತಿಳಿಸಿಡಿ.

ಕೆಚ್ಚಲು ಒಂದನ್ನೇ ನಂಬಬೇಡಿ

ಚೊಚ್ಚಲಿನಲ್ಲಿ ಹೆಚ್ಚು ಮೋಸ ಮಾಡುವುದು ಕೆಚ್ಚಲು. ಹಳೆಯ ದನಕ್ಕೆ ಕೊನೆಯ ಒಂದೆರಡು ವಾರದಲ್ಲಿ ಕೆಚ್ಚಲು ತುಂಬಿದರೆ, ಕಡಸಿಗೆ ಗಬ್ಬದ ನಡುವಿನಿಂದಲೇ ನಿಧಾನಕ್ಕೆ ಬೆಳೆಯುತ್ತಾ ಬರುತ್ತದೆ. ಕೊನೆಗೆ ಬಾವು ಹೊಕ್ಕುಳಿನ ತನಕ ಬರುವುದೂ ಉಂಟು. ಬೆರಳಿಂದ ಒತ್ತಿದರೆ ಗುಂಡಿ ಬೀಳುವ, ನೋವಿಲ್ಲದ ಬಾವು ಸಾಮಾನ್ಯ. ಕೆಚ್ಚಲು ಬಿಸಿಯಾಗಿ, ಕೆಂಪಾಗಿ, ಮುಟ್ಟಿದರೆ ಒದೆಯುವಂತಿದ್ದರೆ ಅದು ಕೆಚ್ಚಲುಬಾವು ಇರಬಹುದು, ಡಾಕ್ಟರಿಗೆ ತೋರಿಸಿ.

ಹಾಲು ಇಳಿದಿದೆಯೇ ಎಂದು ಹಿಂಡಿ ನೋಡುವ ಅಭ್ಯಾಸ ಬಿಡಿ. ಕರುವಿಗೆ ಸೇರಬೇಕಾದ ಗಿಣ್ಣು ನಷ್ಟವಾಗುತ್ತದೆ, ಮೊಲೆಯ ತುದಿ ತೆರೆದು ಸೋಂಕಿಗೂ ದಾರಿಯಾಗುತ್ತದೆ.

ಹತ್ತಿರ ಬಂತು ಎನ್ನುವ ಸೂಚನೆಗಳು

ಬಾಲದ ಬುಡ: ಬಾಲದ ಬುಡದ ಎರಡೂ ಬದಿ ಹಗ್ಗದಂತೆ ಬಿಗಿಯಾಗಿರುವ ಕಟ್ಟು ದಿನ ಹೋದಂತೆ ಸಡಿಲವಾಗಿ ಗುಂಡಿ ಬೀಳುತ್ತದೆ. ಪೂರ್ತಿ ಮೆತ್ತಗಾದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಕರು. ದಿನಾ ಹಾಲು ಕರೆಯುವ ಹೊತ್ತಿಗೆ ಒಮ್ಮೆ ಕೈಯಿಟ್ಟು ನೋಡುತ್ತಿದ್ದರೆ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

ಯೋನಿ ಮತ್ತು ಲೋಳೆ: ಯೋನಿಯ ತುಟಿ ಊದಿ, ನೆರಿಗೆ ಬಿಚ್ಚಿ ಜೋಲುತ್ತದೆ. ಅಂಟಂಟಾದ ತಿಳಿ ಲೋಳೆ ಇಳಿಯುತ್ತದೆ. ವಾಸನೆ ಬರುವ, ಕಂದು ಬಣ್ಣದ ಲೋಳೆ ಒಳ್ಳೆಯ ಲಕ್ಷಣವಲ್ಲ.

ಮೊಲೆ: ಸುಕ್ಕು ಹೋಗಿ, ತುಂಬಿ, ಹೊಳಪು ಬರುತ್ತದೆ.

ಜ್ವರಮಾಪಕ: ಮೆಡಿಕಲ್‌ನಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್ ಸಾಕು. ದನದ ಮೈಬಿಸಿ ಸಾಮಾನ್ಯವಾಗಿ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್. ಬೆಳಗ್ಗೆ, ಸಂಜೆ ಒಂದೇ ಹೊತ್ತಿಗೆ ಗುದದ್ವಾರದಲ್ಲಿ ನೋಡಿ ಬರೆದಿಡಿ. ಕರು ಹಾಕುವ ಹಿಂದಿನ ದಿನ ಸುಮಾರು ಒಂದು ಡಿಗ್ರಿ ಇಳಿಯುವುದುಂಟು.

ನಡತೆ: ಮೇವು ಬಿಡುವುದು, ಏಳುವುದು ಕೂರುವುದು, ಬಾಲ ಎತ್ತಿ ನಿಲ್ಲುವುದು, ಹೊಟ್ಟೆಯ ಕಡೆ ತಿರುಗಿ ನೋಡುವುದು, ಸ್ವಲ್ಪ ಸ್ವಲ್ಪವೇ ಸೆಗಣಿ ಗಂಜಲ ಹಾಕುವುದು. ಅಂದರೆ ಬೇನೆ ಶುರುವಾಗಿದೆ.

ಇವುಗಳಲ್ಲಿ ಒಂದನ್ನೇ ನೋಡಿ ತೀರ್ಮಾನ ಬೇಡ. ತಾರೀಕು, ಬಾಲದ ಬುಡ, ಲೋಳೆ ಮೂರೂ ಒಟ್ಟಿಗೆ ಹೇಳಿದರೆ ಆ ರಾತ್ರಿ ಹಟ್ಟಿಯಲ್ಲಿ ದೀಪ ಇರಲಿ.

ಹಟ್ಟಿ ಸಿದ್ಧ ಮಾಡಿ

ಕೊನೆಯ ಹತ್ತು ದಿನ ಕಡಸನ್ನು ಗುಡ್ಡೆಗೆ, ತೋಟಕ್ಕೆ ಬಿಡಬೇಡಿ. ಪೊದೆಯ ಮರೆಯಲ್ಲಿ ಕರು ಹಾಕಿದರೆ ಹುಡುಕುವುದರೊಳಗೆ ನಾಯಿಗಳ ಪಾಲಾಗಬಹುದು. ಗಿಡ್ಡವಾಗಿ ಕಟ್ಟಿಹಾಕುವುದೂ ಸರಿಯಲ್ಲ, ತಿರುಗಿ ಮಲಗಲು ಜಾಗ ಬೇಕು. ಹಟ್ಟಿಯ ಹಿಂದೆ ಸೆಗಣಿ ಚರಂಡಿ ಇದ್ದರೆ ಹಲಗೆ ಮುಚ್ಚಿ. ರಾತ್ರಿ ಹುಟ್ಟಿದ ಕರು ಅದರೊಳಗೆ ಬೀಳುವ ಅಪಾಯ ಇದೆ. ಮಳೆಗಾಲದಲ್ಲಿ ನೆಲ ಜಾರುತ್ತದೆ, ಒಣ ಬೈಹುಲ್ಲು ಅಥವಾ ತರಗೆಲೆ ದಪ್ಪಕ್ಕೆ ಹಾಸಿ.

ಕೊನೆಯ ವಾರಗಳಲ್ಲಿ ಮುಖ್ಯ ಮೇವನ್ನು ಸಂಜೆ ಹೊತ್ತಿಗೆ ಹಾಕಿ. ಹೀಗೆ ಮಾಡಿದರೆ ಹಗಲಿನಲ್ಲಿ ಕರು ಹಾಕುವ ದನಗಳ ಸಂಖ್ಯೆ ಹೆಚ್ಚುತ್ತದೆ ಎಂಬುದು ಬೇರೆ ಬೇರೆ ದೇಶಗಳಲ್ಲಿ ಕಂಡುಕೊಂಡ ವಿಷಯ. ಖರ್ಚಿಲ್ಲದ ಉಪಾಯ.

ಗಡಿಯಾರ ನೋಡಿ ನಿರ್ಧರಿಸಿ

ಬೇನೆಯ ಮೊದಲ ಹಂತ ಹಳೆಯ ದನಕ್ಕೆ ಎರಡರಿಂದ ಆರು ಗಂಟೆ. ಕಡಸಿಗೆ ಇನ್ನೂ ಕೆಲವು ಗಂಟೆ ಹಿಡಿಯಬಹುದು. ಆಗ ಸುತ್ತ ಜನ ಸೇರಿಸಬೇಡಿ. ಗಲಾಟೆಗೆ ಬೆದರಿದರೆ ಬೇನೆ ನಿಲ್ಲುತ್ತದೆ. ನಂತರ ನೀರಿನ ಚೀಲ ಕಾಣುತ್ತದೆ. ಸರಿಯಾದ ಕರು ಬರುವುದು ಮುಂಗಾಲೆರಡು ಮುಂದೆ, ಅದರ ಮೇಲೆ ಮೂತಿ ಇಟ್ಟು. ಗೊರಸಿನ ಅಡಿ ನೆಲದ ಕಡೆಗಿರುತ್ತದೆ.

ಕೂಡಲೇ ಡಾಕ್ಟರಿಗೆ ಫೋನ್ ಮಾಡಬೇಕಾದ ಸಂದರ್ಭಗಳು:

- ನೀರಿನ ಚೀಲ ಕಂಡು ಅಥವಾ ಒಡೆದು ಒಂದು ಗಂಟೆಯಾದರೂ ಮುಂದುವರಿಯದಿದ್ದರೆ
- ಒಂದೇ ಕಾಲು, ಬರೀ ತಲೆ ಅಥವಾ ಬರೀ ಬಾಲ ಕಂಡರೆ
- ಗೊರಸಿನ ಅಡಿ ಮೇಲ್ಮುಖವಾಗಿದ್ದರೆ (ಹೆಚ್ಚಾಗಿ ಇದು ಹಿಂಗಾಲು)
- ಮುಕ್ಕುತ್ತಿದ್ದ ಕಡಸು ಸುಸ್ತಾಗಿ ಸುಮ್ಮನಾದರೆ
- ರಕ್ತ ಧಾರೆಯಾಗಿ ಬಂದರೆ

ನಾಲ್ಕು ಜನ ಸೇರಿ ಹಗ್ಗ ಕಟ್ಟಿ ಎಳೆಯುವುದು ಬೇಡ. ಕರು ಅಡ್ಡ ಇದ್ದರೆ ಎಳೆದಷ್ಟೂ ಗರ್ಭಕೋಶ ಹರಿಯುತ್ತದೆ.

ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962. ಆದರೆ ಅಪರಾತ್ರಿಗೆ ಅದೊಂದನ್ನೇ ನೆಚ್ಚಿ ಕೂರಬೇಡಿ. ಘಟ್ಟದ ಬುಡದ ಚಾರ್ಮಾಡಿ, ಶಿಶಿಲದಂಥ ಊರುಗಳಿಗೆ ತಲುಪಲು ಹೊತ್ತು ಬೇಕು. ಹತ್ತಿರದ ಪಶು ಆಸ್ಪತ್ರೆಯವರ ನಂಬರ್ ಹಟ್ಟಿಯ ಗೋಡೆಯಲ್ಲಿ ಬರೆದಿಡಿ. ಸೊಸೈಟಿ ಕಾರ್ಯದರ್ಶಿಯವರ ಬಳಿ ಹಾಲು ಒಕ್ಕೂಟದ ತುರ್ತು ಚಿಕಿತ್ಸೆಯ ಬಗ್ಗೆ ಮೊದಲೇ ಕೇಳಿಡಿ.

ಕರು ಬಿದ್ದ ಮೇಲೆ

ಮೂಗು ಬಾಯಿಯ ಲೋಳೆ ಒರೆಸಿ, ಬೈಹುಲ್ಲಿನಿಂದ ಮೈ ಉಜ್ಜಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಕಡಸು ಕರುವನ್ನು ನೆಕ್ಕಲು ಬಿಡಿ. ಕೆಲವು ಚೊಚ್ಚಲು ಹೆದರಿ ಒದೆಯುವುದುಂಟು, ಬೈದು ಹೊಡೆಯದೆ ಒಬ್ಬರು ಹತ್ತಿರ ನಿಂತು ಕುಡಿಸಿ.

ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬಾರದು ಎಂಬ ನಂಬಿಕೆ ಕೆಲವರಲ್ಲಿದೆ. ಅದು ತಪ್ಪು. ಕರು ಚೀಪಿದರೆ ಗರ್ಭಕೋಶ ಕುಗ್ಗಿ ಮಾಸು ಬೀಳಲು ಸಹಾಯವೇ ಆಗುತ್ತದೆ. ಒಂದೆರಡು ಗಂಟೆಯೊಳಗೆ ಗಿಣ್ಣು ಹೊಟ್ಟೆ ಸೇರಬೇಕು. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗ ಅಂದರೆ 25 ಕಿಲೋ ಕರುವಿಗೆ ಎರಡೂವರೆ ಲೀಟರ್, ಎರಡು ಮೂರು ಸಲಕ್ಕೆ. ನೆರೆಮನೆಗೆ ಗಿಣ್ಣು ಹಂಚುವುದು ಆಮೇಲೆ.

ಮಾಸು ಹನ್ನೆರಡು ಗಂಟೆಯಾದರೂ ಬೀಳದಿದ್ದರೆ ಡಾಕ್ಟರಿಗೆ ಹೇಳಿ. ಕೈಹಾಕಿ ಎಳೆಯಬೇಡಿ, ಕಲ್ಲು ಕಟ್ಟಿ ನೇತುಹಾಕಲೂ ಬೇಡಿ. ಬಿದ್ದ ಮಾಸನ್ನು ಬರಿಗೈಯಲ್ಲಿ ಮುಟ್ಟದೆ ಆಳಕ್ಕೆ ಹೂಳಿ, ಕೈಗೆ ಸೋಪು ಹಾಕಿ ತೊಳೆಯಿರಿ. ಕಂದು ಹಾಕುವ ರೋಗದಂಥ ಕೆಲವು ಸೋಂಕು ಇದರಿಂದ ಮನುಷ್ಯರಿಗೂ ಬರುತ್ತದೆ.

ಕರು ಹಾಕಿದ ದಿನವನ್ನು ಅದೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ಸಲ ಈ ದನದ ರೀತಿ ನಿಮಗೆ ಗೊತ್ತಿರುತ್ತದೆ.