ತಿಲಿಸ್ಮಿನಿಂದ ಕಂಪ್ಯೂಟರಿನವರೆಗೆ: ಒಂದು ಭಯಾನಕ ಆಟದ ಇತಿಹಾಸ



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಯಾವ ಊರಿನಲ್ಲಿ ಪಾಲಕರ ಸಭೆ ನಡೆದರೂ ಕೇಳಿಬರುವ ದೂರು ಒಂದೇ: "ಹುಡುಗ್ರು ಮೊಬೈಲ್ ಆಟ ಬಿಟ್ಟು ಪುಸ್ತಕ ಹಿಡಿಯಾಂಗಿಲ್ರೀ ಸರ್." ದೂರು ನಿಜವೇ. ಆದರೆ ಆ ಆಟಗಳನ್ನು ಯಾರು ಬರೆದರು, ಹೇಗೆ ತಯಾರಿಸಿದರು ಎಂದು ಕೇಳುವವರು ಕಡಿಮೆ. ಅಂಥ ಒಂದು ಆಟದ ಇತಿಹಾಸವನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ. ಭಾಷೆ ಕಲಿಯುವ ವಿದ್ಯಾರ್ಥಿಗಳಿಗೆ ಅದರಲ್ಲಿ ಒಂದು ಪಾಠವಿದೆ.

ಪಾಳು ಕೋಟೆ, ಕತ್ತಲೆ, ಶಾಪ, ದೆವ್ವ ಇವುಗಳಿಂದ ಹೆದರಿಸುವ ಕಥೆಗಳನ್ನು ಇಂಗ್ಲಿಷ್ ಸಾಹಿತ್ಯದಲ್ಲಿ 'ಗಾಥಿಕ್' ಎಂದು ಕರೆಯುತ್ತಾರೆ. 1764ರಲ್ಲಿ ಹೊರೇಸ್ ವಾಲ್‌ಪೋಲ್ ಈ ಪ್ರಕಾರವನ್ನು ಆರಂಭಿಸಿದರು. 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ 'ಡ್ರಾಕುಲಾ' ಕಾದಂಬರಿ ರಕ್ತಪಿಶಾಚಿಯ ಕಥೆಯನ್ನು ಜಗತ್ಪ್ರಸಿದ್ಧಗೊಳಿಸಿತು. 1991ರಲ್ಲಿ ಅಮೆರಿಕದ ಮಾರ್ಕ್ ರೀನ್-ಹೇಗನ್ ಅಂಥ ಕಥೆಗಳನ್ನೇ 'ವ್ಯಾಂಪೈರ್: ದಿ ಮಾಸ್ಕರೇಡ್' ಎಂಬ ಆಟವಾಗಿ ರೂಪಿಸಿದರು. ನಾಲ್ಕಾರು ಜನ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತನಾಡುತ್ತ ದಾಳ ಉರುಳಿಸುವ ಆಟ ಅದು. ನಮ್ಮ ಬಯಲಾಟದಲ್ಲಿ ಪಾತ್ರಧಾರಿಯ ಮಾತು ಮೊದಲೇ ನಿಗದಿಯಾಗಿರುತ್ತದೆ. ಇಲ್ಲಿ ಮಾತನ್ನು ಆಡುವವನೇ ಆರಿಸಿಕೊಳ್ಳಬೇಕು. ಇದೇ ಪಾತ್ರಾಭಿನಯದ ಆಟ.

ಅದನ್ನು ಆಧರಿಸಿ ಒಂದು ಕಂಪ್ಯೂಟರ್ ಆಟ ಮಾಡಿದವರು ಕ್ಯಾಲಿಫೋರ್ನಿಯಾದ ಟ್ರೋಯ್ಕಾ ಗೇಮ್ಸ್‌ನವರು. ಟಿಮ್ ಕೇನ್, ಲಿಯೊನಾರ್ಡ್ ಬೊಯಾರ್ಸ್ಕಿ ಮತ್ತು ಜೇಸನ್ ಆಂಡರ್ಸನ್ 1998ರಲ್ಲಿ ಸ್ಥಾಪಿಸಿದ ಸಣ್ಣ ಸಂಸ್ಥೆ ಅದು. ಅವರ 'ಬ್ಲಡ್‌ಲೈನ್ಸ್' ಆಟದಲ್ಲಿ ಆಟಗಾರನು 7 ಕುಲಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮತಿಭ್ರಮಣೆಯ ಕುಲವನ್ನು ಆರಿಸಿದರೆ ಅವನಾಡುವ ಸಂಭಾಷಣೆಯೇ ಬೇರೆ. ಕುರೂಪಿಗಳ ಕುಲವನ್ನು ಆರಿಸಿದರೆ ಜನರ ಕಣ್ಣಿಗೆ ಬೀಳದೆ ಹೆಚ್ಚಾಗಿ ಚರಂಡಿಯ ಸುರಂಗಗಳಲ್ಲಿ ಓಡಾಡಬೇಕು. ಇದರಲ್ಲಿ ಪಾಳುಬಿದ್ದ ಹೋಟೆಲಿನ ಒಂದು ಘಟ್ಟವಿದೆ. ಅಲ್ಲಿ ಹೊಡೆದಾಡಲು ಒಬ್ಬ ಶತ್ರುವೂ ಇಲ್ಲ. ಸದ್ದು, ಒಡೆಯುವ ದೀಪ, ತಾನಾಗಿ ಹಾರಿಬರುವ ವಸ್ತು ಇಷ್ಟೇ. ಆದರೂ ಆಡಿದವರು ಅತಿ ಹೆಚ್ಚು ನೆನೆಯುವುದು ಅದನ್ನೇ. ಹೆದರಿಸಿದ್ದು ಬಂದೂಕಲ್ಲ, ಕಥೆ ಹೇಳಿದ ರೀತಿ.

ಆಟ 2004ರ ನವೆಂಬರ್ 16ರಂದು ಬಿಡುಗಡೆಯಾಯಿತು. ಬಹು ನಿರೀಕ್ಷೆಯ 'ಹಾಫ್-ಲೈಫ್ 2' ಸಹ ಅದೇ ದಿನ ಬಂದಿತು. ಬ್ಲಡ್‌ಲೈನ್ಸ್ ತುಂಬ ದೋಷಗಳಿದ್ದವು, ಮಾರಾಟವೂ ಕುಸಿಯಿತು. 2005ರ ಫೆಬ್ರವರಿಯಲ್ಲಿ ಟ್ರೋಯ್ಕಾ ಬಾಗಿಲು ಮುಚ್ಚಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅಭಿಮಾನಿಗಳೇ ಆಟವನ್ನು ದುರಸ್ತಿಗೆ ಎತ್ತಿಕೊಂಡರು. ಅವರಲ್ಲೊಬ್ಬರಾದ ಜರ್ಮನಿಯ ರಸಾಯನ ವಿಜ್ಞಾನಿ ವರ್ನರ್ ಸ್ಪಾಲ್ ವರ್ಷಗಟ್ಟಲೆ ಕುಳಿತು ಒಂದೊಂದೇ ದೋಷ ಸರಿಪಡಿಸಿ ಉಚಿತವಾಗಿ ಹಂಚಿದರು. 2025ರ ಅಕ್ಟೋಬರಿನಲ್ಲಿ ಬೇರೊಂದು ಸಂಸ್ಥೆಯಿಂದ ಅದರ ಎರಡನೇ ಭಾಗವೂ ಬಂತು. ವಿಚಾರ ಮಾಡಿ: ಯಂತ್ರದ ಭಾಗ ಕೆಟ್ಟಿತ್ತು, ಬರವಣಿಗೆ ಗಟ್ಟಿಯಿತ್ತು. ಆ ಬರವಣಿಗೆಗಾಗಿಯೇ ಜನ ಯಂತ್ರವನ್ನು ದುರಸ್ತಿ ಮಾಡಿಕೊಂಡರು. ಒಂದು ಮಾತು ಮಾತ್ರ ನೆನಪಿರಲಿ. ಇದು ವಯಸ್ಕರಿಗಾಗಿ ಮಾಡಿದ ಆಟ, ಶಾಲೆಯ ಮಕ್ಕಳಿಗೆ ತಕ್ಕುದಲ್ಲ. ತಿಳಿಯಬೇಕಾದದ್ದು ಅದರ ಚರಿತ್ರೆ.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ 1997ರಲ್ಲಿ, ಅಂದರೆ ನಮ್ಮ ಹಾವೇರಿ ಜಿಲ್ಲೆಯಾದ ವರ್ಷವೇ, ಧ್ರುವ ಇಂಟರ್ಯಾಕ್ಟಿವ್ ಸ್ಥಾಪಿಸಿದರು. ಭಾರತದ ಮೊದಮೊದಲ ವಿಡಿಯೋ ಗೇಮ್ ಸಂಸ್ಥೆಗಳಲ್ಲಿ ಅದೊಂದು. 'ಫೋರ್ಜಾ'ದಂಥ ಪ್ರಸಿದ್ಧ ಆಟಗಳಿಗೆ ಅಲ್ಲಿನ ಕಲಾವಿದರು ಕೆಲಸ ಮಾಡಿದರು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆ ಸುಮಾರು 79 ಲಕ್ಷ ಡಾಲರ್ ಕೊಟ್ಟು ಅದನ್ನು ಕೊಂಡುಕೊಂಡಿತು. ಇದು ಹೆಮ್ಮೆಯ ವಿಷಯ. ಆದರೆ ಕೈಚಳಕ ನಮ್ಮದಾದರೂ ಕಥೆ ಬೇರೆಯವರದಾಗಿತ್ತು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ತೆಗೆದು ಎಷ್ಟೋ ಪದಾರ್ಥಗಳಿಗೆ ಸೇರಿಸುತ್ತಾರೆ, ಡಬ್ಬಿಯ ಮೇಲೆ ಬ್ಯಾಡಗಿಯ ಹೆಸರಿರುವುದಿಲ್ಲ. ಇದೂ ಹಾಗೆಯೇ.

ಹಾಗಾದರೆ ನಮ್ಮಲ್ಲಿ ಕಥೆ ಇಲ್ಲವೇ? ಉರ್ದುವಿನ 'ತಿಲಿಸ್ಮ್-ಎ-ಹೋಶ್‌ರುಬಾ' ನೆನೆಯಿರಿ. ಲಕ್ನೋದ ನವಲ್ ಕಿಶೋರ್ ಮುದ್ರಣಾಲಯವು 19ನೇ ಶತಮಾನದ ಕೊನೆಯಲ್ಲಿ ಪ್ರಕಟಿಸಿದ ಈ ದಾಸ್ತಾನನ್ನು ಬರೆದವರು ಮುಹಮ್ಮದ್ ಹುಸೇನ್ ಜಾಹ್ ಮತ್ತು ಅಹ್ಮದ್ ಹುಸೇನ್ ಕಮರ್. ಮಾಂತ್ರಿಕರು ಕಟ್ಟಿದ ಮಾಯಾಲೋಕವೇ ತಿಲಿಸ್ಮ್. ಅದನ್ನು ಮುರಿಯುವ ದಾರಿ 'ಲೌಹ್' ಎಂಬ ಫಲಕದಲ್ಲಿ ಅಡಗಿರುತ್ತದೆ. ಅಮರ್ ಅಯ್ಯಾರನ 'ಜಂಬೀಲ್' ಚೀಲದಲ್ಲಿ ಏನು ಹಾಕಿದರೂ ಹಿಡಿಯುತ್ತದೆ. ಇಂದಿನ ಆಟಗಳಲ್ಲಿ ನಾಯಕನು ಆಯುಧ, ಔಷಧಿ ತುಂಬಿಕೊಳ್ಳುವ ಚೀಲವನ್ನು ನೋಡಿದಾಗ ನನಗೆ ಅಮರನೇ ನೆನಪಾಗುತ್ತಾನೆ.

ವಿದ್ಯಾರ್ಥಿ ಮಿತ್ರರೇ, "ಉರ್ದು, ಕನ್ನಡ ಓದಿ ಏನು ಮಾಡುವುದು?" ಎಂದು ನೀವು ಕೇಳುತ್ತೀರಿ. ಒಂದು ಆಟಕ್ಕೆ ಪ್ರೋಗ್ರಾಮ್ ಬರೆಯುವವರು, ಚಿತ್ರ ಬಿಡಿಸುವವರು, ಸಂಗೀತ ಕೂಡಿಸುವವರು ಎಷ್ಟು ಮುಖ್ಯವೋ, ಪಾತ್ರದ ಬಾಯಿಗೆ ಮಾತು ಕೊಡುವವರೂ ಅಷ್ಟೇ ಮುಖ್ಯ. ಆದ್ದರಿಂದ ಗಣಿತ, ಕಂಪ್ಯೂಟರ್ ಕಲಿಯಿರಿ. ಜೊತೆಗೆ ಅಜ್ಜಿ ಹೇಳುವ ಕಥೆಯನ್ನು ಬರೆದಿಟ್ಟುಕೊಳ್ಳಿ, ಗ್ರಂಥಾಲಯದಲ್ಲಿ ದಾಸ್ತಾನ್ ಹುಡುಕಿ ಓದಿ. ಇನ್ನೊಬ್ಬರ ತಿಲಿಸ್ಮಿನಲ್ಲಿ ಸಿಕ್ಕಿ ಹೊತ್ತು ಕಳೆಯುವುದು ಸುಲಭ. ಸ್ವಂತದ್ದೊಂದನ್ನು ಕಟ್ಟಲು ವಿದ್ಯೆ ಬೇಕು.