ಮಂಡ್ಯ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳು: ಮೂಲಸೌಕರ್ಯ ಮತ್ತು ವಿದೇಶಿ ಬಂಡವಾಳ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಕಟ್ಟಿದ ಕಾಮಗಾರಿಗಳು ನೆರವಾದ ವಿದೇಶಿ ಬಂಡವಾಳ ನೆಲೆಯೂರಿದ್ದು ಬಹುಪಾಲು ಬೇರೆ ಕಡೆ: ಮೊದಲು ಕೋಲಾರದಲ್ಲಿ, ಆಮೇಲೆ ಬೆಂಗಳೂರಿನ ಸುತ್ತ.

ಹೈದರ್, ಟಿಪ್ಪು ಕಾಲದ ಫ್ರೆಂಚ್ ನೆರವು ಮುಖ್ಯವಾಗಿ ಸೈನಿಕ ಸ್ವರೂಪದ್ದು. ಫ್ರೆಂಚರ ಪಡೆ ಬೀಡುಬಿಟ್ಟಿದ್ದ ಹಿರೋಡೆ, ಅಂದರೆ ಇಂದಿನ ಪಾಂಡವಪುರ, ಬಹುಕಾಲ 'ಫ್ರೆಂಚ್ ರಾಕ್ಸ್' ಎನಿಸಿಕೊಂಡಿತ್ತು. ಬೆಂಗಳೂರು–ಮೈಸೂರು ರೈಲು 1880ರ ದಶಕದ ಆರಂಭದಲ್ಲಿ ಇದೇ ಪ್ರದೇಶದ ಮೂಲಕ ಓಡತೊಡಗಿತು.

ಗೊಂದಲವಿರುವುದು ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕನ್ನಂಬಾಡಿ ಕಟ್ಟೆಯ ವಿಷಯದಲ್ಲಿ. ಅಲ್ಲಿರುವ 1794ರ ಪಾರ್ಸಿ ಶಾಸನ ಟಿಪ್ಪುವಿನ ಅಣೆಕಟ್ಟಿನ ಯೋಜನೆಗೆ ಸಾಕ್ಷಿ. ಈಗಿನ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಅಡಿಗಲ್ಲು ಯಾರದೆಂಬ ಗದ್ದಲದಲ್ಲಿ, ಕಟ್ಟಿದ್ದು ಯಾತಕ್ಕೆ ಎಂಬ ಪ್ರಶ್ನೆ ಹಿಂದೆ ಸರಿದಿದೆ. ಜನಮನದಲ್ಲಿ ಅದು ರೈತರ ಕಟ್ಟೆ. ಆದರೆ ಮೊದಲ ಹಂತದ ತುರ್ತು ವಿದ್ಯುತ್ತಿನದು. ಶಿವನಸಮುದ್ರದ ವಿದ್ಯುತ್ 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಗಣಿಗಳ ಆಡಳಿತ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೈಯಲ್ಲಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಯಂತ್ರಗಳು ಸೊರಗುತ್ತಿದ್ದವು. ವರ್ಷವಿಡೀ ನೀರು ಹರಿಯಬೇಕಾದರೆ ಮೇಲ್ಗಡೆ ಸಂಗ್ರಹ ಬೇಕಿತ್ತು. ಗಣಿಗಳ ರಾಜಧನ ಮೈಸೂರು ಸಂಸ್ಥಾನದ ಮುಖ್ಯ ಆದಾಯಗಳಲ್ಲೊಂದಾಗಿದ್ದರಿಂದ, ಈ ಲೆಕ್ಕಾಚಾರ ಬರೀ ಪರರ ಸೇವೆಯೆನ್ನುವಂತಿಲ್ಲ. ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯ ಮೊದಲಿನಿಂದಲೂ ನೀರಾವರಿಯನ್ನೂ ಸೇರಿಸಿಯೇ ಯೋಜಿಸಿದ್ದರು; ಮದರಾಸು ಒಡ್ಡಿದ ತಕರಾರು 1924ರ ಒಪ್ಪಂದದವರೆಗೆ ಎಳೆಯಿತು. 124 ಅಡಿ ಮಟ್ಟದ ಜಲಾಶಯ 1930ರ ದಶಕದ ಆರಂಭದಲ್ಲಿ ಸಿದ್ಧವಾಯಿತು. ನಾಲೆಯ ನೀರು ಕಬ್ಬನ್ನು ತಂದಿತು. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ, ನಂತರದ ಪಾಂಡವಪುರ ಸಹಕಾರಿ ಕಾರ್ಖಾನೆ, ಎರಡೂ ದೇಶೀಯ ಬಂಡವಾಳದವು.

ವಿದೇಶಿ ನೆರವು ದೊಡ್ಡ ಪ್ರಮಾಣದಲ್ಲಿ ಕಾಣುವುದು ಇತ್ತೀಚೆಗೆ, ಅದೂ ಕುಡಿಯುವ ನೀರಿನಲ್ಲಿ. ಬೆಂಗಳೂರಿಗೆ ಕಾವೇರಿ ಒಯ್ಯುವ ನಾಲ್ಕನೇ ಹಂತದ ಎರಡನೇ ಘಟ್ಟಕ್ಕೂ, 2024ರ ಅಕ್ಟೋಬರಿನಲ್ಲಿ ಚಾಲನೆ ಪಡೆದ ದಿನಕ್ಕೆ 77.5 ಕೋಟಿ ಲೀಟರಿನ ಐದನೇ ಹಂತಕ್ಕೂ ಸಾಲ ಕೊಟ್ಟದ್ದು ಜಪಾನ್. ಪಂಪುಗಳಿರುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ಬೇಸಿಗೆಯ ಆಸರೆ ಕನ್ನಂಬಾಡಿ. ವಿದೇಶಿ ಕಂಪನಿಗಳ ಕಚೇರಿಗಳಿರುವುದು ಬೆಂಗಳೂರಿನಲ್ಲಿ. ಜಪಾನಿನ ಟೊಯೋಟಾ ಕೂಡ 1990ರ ದಶಕದ ಕೊನೆಗೆ ಮೈಸೂರು ರಸ್ತೆಯ ಬಿಡದಿಯಲ್ಲೇ ನಿಂತಿತು.

ಸಾರಿಗೆಯ ವಿಷಯಕ್ಕೆ ಬಂದರೆ, 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಶ್ರೀರಂಗಪಟ್ಟಣವನ್ನು ಬಳಸಿ ಸಾಗುತ್ತದೆ. ನಾಗಮಂಗಲ ತಾಲ್ಲೂಕಿಗೆ ಬಿ.ಜಿ. ನಗರದ ಮೂಲಕ ಬೆಂಗಳೂರು–ಹಾಸನ ನೇರ ರೈಲು ಬಂದದ್ದು 2017ರಲ್ಲಿ.